ಗೇರುಹಣ್ಣಿನ ಈಥರ್

ಪಾಣೆಮಂಗಳೂರು
9 ಮೇ 2003, ಶುಕ್ರವಾರ

ಪ್ರೀತಿಯ ಅಶೋಕ,

ನಿನ್ನ ಮೂರು ಕಾಗದಗಳೂ ನನಗೆ ತಲುಪಿವೆ. ಸೆಪ್ಟೆಂಬರಿನದು, ಜನವರಿಯದು, ಮಾರ್ಚಿನದು. ಮೂರನ್ನೂ ಒಂದು ದಪ್ಪ ಪುಸ್ತಕದೊಳಗೆ ಇಟ್ಟು, ಆ ಪುಸ್ತಕವನ್ನು ಕಪಾಟಿನ ಮೇಲಿನ ಖಾನೆಯಲ್ಲಿ ಇಟ್ಟು, ಅತ್ತ ತಲೆಯೆತ್ತದೆ ಇಷ್ಟು ದಿನ ಓಡಾಡಿದೆ. ಅಂಚೆಯಲ್ಲಿ ಎಲ್ಲೋ ಕಳೆದುಹೋಗಿರಬೇಕು ಎಂದು ನೀನು ಅಂದುಕೊಂಡರೆ ಒಳ್ಳೆಯದಾಯಿತು ಎಂಬ ನೀಚ ಯೋಚನೆಯೂ ಬಂದಿತ್ತು. ಕ್ಷಮಿಸು ಮಾರಾಯ. ‘ನಾವೆಲ್ಲ ಇಲ್ಲಿ ಸೌಖ್ಯ’ ಎಂದು ಶುರು ಮಾಡುವುದು ನನ್ನ ಅಭ್ಯಾಸ. ಈ ಸಲ ಆ ಸಾಲನ್ನು ಎರಡು ಬಾರಿ ಬರೆದು ಎರಡು ಬಾರಿಯೂ ಹಾಳೆ ಹರಿದೆ.

ಮೊದಲು ಊರಿನ ಸುದ್ದಿ. ನಿನ್ನ ತಂಗಿ ದೀಕ್ಷಿತಾ ಎರಡನೇ ವರ್ಷದ ಬಿ.ಎಸ್ಸಿ. ಪರೀಕ್ಷೆ ಚೆನ್ನಾಗಿ ಬರೆದಿದ್ದಾಳೆ. ಮೂಡಬಿದ್ರೆಗೆ ನಾವಿಬ್ಬರೂ ಒಂದೇ ಬಸ್ಸಿನಲ್ಲಿ ಹೋಗುವುದು. ಬಸ್ಸಿನಲ್ಲಿ ನನ್ನನ್ನು ‘ಅಣ್ಣ’ ಎನ್ನುತ್ತಾಳೆ, ಕಾಲೇಜಿನ ಗೇಟು ದಾಟಿದ ಕೂಡಲೇ ‘ಸರ್’ ಎನ್ನುತ್ತಾಳೆ. ಲ್ಯಾಬಿನಲ್ಲಿ ನಾನು ಬೈದರೆ ಸಂಜೆಯ ಬಸ್ಸಿನಲ್ಲಿ ಮಾತು ಬಿಡುತ್ತಾಳೆ. ನನ್ನ ತಂಗಿ ಸಾಲಿಹಾಳ ಮಗಳು ರಿಫಾ ಈಗ ಓಡಾಡುತ್ತಾಳೆ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುತ್ತಾಳೆ. ಉಮ್ಮನಿಗೆ ಮೊಣಕಾಲು ನೋವು ಜಾಸ್ತಿಯಾಗಿದೆ. ಕುರ್ಚಿಯಲ್ಲಿ ಕೂತು ನಮಾಜು ಮಾಡುತ್ತಾರೆ, ಅದು ಅವರಿಗೆ ದೊಡ್ಡ ಅವಮಾನ.

ಇನ್ನು ನೀನು ಮೂರು ಕಾಗದಗಳಲ್ಲೂ ಕೇಳಿದ ಪ್ರಶ್ನೆ. “ನಮ್ಮ ಬಾವಿ ನೀರಿಗೆ ವಾಸನೆ ಬಂದು ಮೂರು ವರ್ಷ ಆಯ್ತಂತೆ. ನಾಸಿರನ ಪೆಟ್ರೋಲ್ ಪಂಪಿನ ಟ್ಯಾಂಕು ಸೋರಿ ಬಂದದ್ದು ಅಂತ ಅಪ್ಪ ಹೇಳ್ತಾರೆ. ನೀನು ಕೆಮಿಸ್ಟ್ರಿ ಮಾಸ್ಟ್ರು ಅಲ್ವಾ, ಸ್ವಲ್ಪ ನೋಡಿ ಹೇಳು.”

ನೋಡಿದ್ದೇನೆ. ಪಂಪಿನಿಂದ ಬಂದದ್ದಲ್ಲ. ನಿಮ್ಮ ಬಾವಿ ಹಾಳು ಮಾಡಿದವನು ನಾನು.

ಈ ವಾಕ್ಯ ಬರೆದ ಮೇಲೆ ಎದ್ದು ಹೋಗಿ ಮುಖ ತೊಳೆದು ಬಂದೆ. ಈಗ ಉಳಿದದ್ದನ್ನು ಬರೆಯುತ್ತೇನೆ. ನಿನಗೆ ಗೊತ್ತಿರುವುದನ್ನೂ ಮತ್ತೆ ಬರೆಯುತ್ತೇನೆ. ಏಕೆಂದರೆ ಈ ಕಾಗದವನ್ನು ನೀನು ಬೇರೆಯವರಿಗೆ ತೋರಿಸಬೇಕಾಗಿ ಬರಬಹುದು.

ತೊಂಬತ್ತಾರರಲ್ಲಿ ನೀನು ಸೌದಿಯ ಜುಬೈಲಿನಿಂದ ಬರೆದ ಕಾಗದ ನೆನಪಿದೆಯೇ? “ನಮ್ಮ ಪ್ಲಾಂಟಿನಲ್ಲಿ ಮಾಡುವುದು ಪೆಟ್ರೋಲಿಗೆ ಬೆರೆಸುವ ಒಂದು ಈಥರ್. ಬೆರೆಸಿದರೆ ಎಂಜಿನಿನಲ್ಲಿ ಪೂರ್ತಿ ಉರಿಯುತ್ತದೆ, ಹೊಗೆ ಕಡಿಮೆ, ಸೀಸ ಹಾಕುವುದೇ ಬೇಡ. ಅಮೆರಿಕಾದವರು ಹಡಗುಗಟ್ಟಲೆ ಕೊಂಡುಹೋಗುತ್ತಾರೆ.” ಆ ಕಾಗದ ಓದಿದ ದಿನ ನನಗೆ ನಿದ್ದೆ ಬರಲಿಲ್ಲ. ನಮ್ಮ ತಂದೆ ಇಪ್ಪತ್ತು ವರ್ಷ ಮಂಗಳೂರಿನಲ್ಲಿ ಹೊಗೆ ಕುಡಿಯುತ್ತ ರಿಕ್ಷಾ ಓಡಿಸಿ, ಕೊನೆಗೆ ಮನೆಯ ಎರಡು ಮೆಟ್ಟಿಲು ಹತ್ತಲು ಉಸಿರಿಲ್ಲದೆ ಸತ್ತವರು. ನಿಮ್ಮ ಪ್ಲಾಂಟಿನವರು ಮಾಡುವುದು ಭೂಮಿಯಿಂದ ತೆಗೆದ ಅನಿಲದಿಂದ. ಅದರ ಅರ್ಧ ಪಾಲನ್ನು ಹಣ್ಣಿನ ಮದ್ಯಸಾರದಿಂದ ಮಾಡಿದರೆ ಹೇಗೆ ಎಂದು ನನ್ನ ತಲೆಗೆ ಹೊಕ್ಕಿತು. ನಮ್ಮ ಗುಡ್ಡಗಳಲ್ಲಿ ಗೇರುಬೀಜ ಕಿತ್ತುಕೊಂಡು ಹಣ್ಣನ್ನು ಬಿಸಾಡುತ್ತಾರೆ. ಲೋಡುಗಟ್ಟಲೆ ಹಣ್ಣು ಮರದಡಿ ಕೊಳೆಯುತ್ತದೆ. ಅದರಿಂದ ಪೆಟ್ರೋಲು ಶುದ್ಧವಾಗುವುದಾದರೆ!

ನೀನು ರಜೆಗೆ ಬಂದಾಗ ಹಾಲಿನ ಪುಡಿಯ ಡಬ್ಬದಲ್ಲಿ ಸಾಸಿವೆಯಂಥ ಕಂದು ಮಣಿಗಳನ್ನು ತಂದುಕೊಟ್ಟೆ. ಎರಡು ಬಗೆಯ ಮದ್ಯಸಾರವನ್ನು ಸೇರಿಸಿ ಈಥರ್ ಮಾಡಿಸುವ ಮಣಿಗಳು. ಏರ್‌ಪೋರ್ಟಿನಲ್ಲಿ ಕಸ್ಟಮ್ಸಿನವನು ಕೇಳಿದ್ದಕ್ಕೆ “ಅಮ್ಮನಿಗೆ ಮದ್ದು” ಎಂದೆಯಂತೆ. ಎಷ್ಟು ನಗಾಡಿದ್ದೇವೆ ನಾವು.

ಆಮೇಲಿನ ಮೂರು ವರ್ಷ ನನ್ನ ಬದುಕಿನಲ್ಲಿ ನಾನು ನಿಜವಾಗಿ ಬದುಕಿದ ವರ್ಷಗಳು. ಮಾರ್ಚ್ ಬಂದರೆ ಭಾನುವಾರ ಬೆಳಿಗ್ಗೆ ಬೆಳ್ತಂಗಡಿ ಬಸ್ಸು ಹಿಡಿದು ನೆರಿಯಕ್ಕೆ ಹೋಗುವುದು. ಅಲ್ಲಿ ಕಾಡಿನಂಚಿನಲ್ಲಿ ಕೂಸಪ್ಪ ಎಂಬವನು ಗೇರುಹಣ್ಣು ಹಿಂಡಿ, ಹುಳಿ ಬರಿಸಿ, ಬಟ್ಟಿ ಇಳಿಸಿ ಕೊಡುತ್ತಿದ್ದ. ಅವನ ಕಸುಬೇ ಅದು. ಆದರೆ ಕುಡಿಯದ ಗಿರಾಕಿ ಅವನಿಗೆ ನಾನೊಬ್ಬನೇ. “ಮಾಸ್ಟ್ರೇ, ಇಷ್ಟು ಒಳ್ಳೆ ಮಾಲು ಸ್ಕೂಟರಿಗೆ ಕುಡಿಸ್ತೀರಲ್ಲ, ಪಾಪ ತಟ್ತದೆ ನಿಮ್ಗೆ” ಎಂದು ಪ್ರತಿಸಲ ಹೇಳುತ್ತಿದ್ದ. ಅದನ್ನು ತಂದು, ಹೊಳೆಯ ಮರುವಾಯಿ ಚಿಪ್ಪು ಸುಟ್ಟ ಸುಣ್ಣದಲ್ಲಿ ಎರಡು ದಿನ ಇಟ್ಟು ನೀರು ಹೀರಿಸಿ, ಮಂಗಳೂರಿನ ಅಂಗಡಿಯಿಂದ ತಂದ ಇನ್ನೊಂದು ಮದ್ಯಸಾರದ ಜೊತೆ ನಿನ್ನ ಮಣಿಗಳ ಮೇಲೆ ಹಾಯಿಸಿ, ಹಿತ್ತಿಲ ಕೊಟ್ಟಿಗೆಯಲ್ಲಿ ಈಥರ್ ಇಳಿಸುತ್ತಿದ್ದೆ. ಒಂದು ವಾರಕ್ಕೆ ಒಂದು ಬಾಟಲಿ. ಮದ್ಯಸಾರವನ್ನೇ ನೇರ ಪೆಟ್ರೋಲಿಗೆ ಹಾಕಿದರೆ ನಮ್ಮ ಮಳೆಗಾಲದ ತೇವ ಹೀರಿ ಟ್ಯಾಂಕಿನ ತಳದಲ್ಲಿ ನೀರು ನಿಲ್ಲುತ್ತದೆ. ಈಥರಿಗೆ ಆ ಚಾಳಿ ಇಲ್ಲ. ಪೆಟ್ರೋಲಿನ ಜೊತೆ ಬೆರೆತರೆ ಬೆರೆತದ್ದೇ.

ಸ್ಕೂಟರಿಗೆ ನೂರಕ್ಕೆ ಹತ್ತು ಪಾಲು ಹಾಕಿ, ಸೈಲೆನ್ಸರಿಗೆ ಬಿಳಿ ಕರ್ಚೀಫು ಕಟ್ಟಿ, ಹತ್ತು ನಿಮಿಷ ಎಂಜಿನು ಓಡಿಸಿ ನೋಡುವುದು. ಸಾಲಿಹಾ ಕರ್ಚೀಫು ಹಿಡಿದು, “ಇವತ್ತಿನದ್ದು ಹೋದ ವಾರದ್ದಕ್ಕಿಂತ ಬೆಳ್ಳಗುಂಟು” ಎಂದು ಹೇಳುವಳು. ದಿನಾಂಕ ಬರೆದ ಆ ಹನ್ನೊಂದು ಕರ್ಚೀಫುಗಳು ಇಂದೂ ಟ್ರಂಕಿನಲ್ಲಿವೆ. ಕೊನೆಯದನ್ನು ನೋಡಿದರೆ ಯಾರಾದರೂ ಮೂಗು ಒರೆಸಿಕೊಂಡಾರು, ಅಷ್ಟು ಶುಭ್ರ.

ತೊಂಬತ್ತೊಂಬತ್ತರ ಎಪ್ರಿಲಿನಲ್ಲಿ ನೀನು ಇನ್ನೊಂದು ಕಾಗದ ಬರೆದೆ. ಅದು ನಿನಗೆ ಮರೆತಿರಬಹುದು, ನನಗೆ ಬಾಯಿಪಾಠ. “ಅಮೆರಿಕಾದಲ್ಲಿ ಗಲಾಟೆ ಶುರುವಾಗಿದೆ. ಪಂಪುಗಳ ಟ್ಯಾಂಕು ಸೋರಿ ಈಥರ್ ಮಣ್ಣಿಗಿಳಿದು ಬಾವಿಗಳು ಕೆಟ್ಟಿವೆಯಂತೆ. ಪೆಟ್ರೋಲು ಮಣ್ಣಿನಲ್ಲೇ ನಿಂತರೂ ಈಥರ್ ನೀರಿನ ಜೊತೆ ಬಹಳ ದೂರ ಹೋಗುತ್ತದಂತೆ. ನೀನು ಜಾಗ್ರತೆ.” ಓದಿ ನಗೆಯಾಡಿದೆ. ಅವರದ್ದು ಸಾವಿರಾರು ಟ್ಯಾಂಕು, ನನ್ನದು ಕೊಟ್ಟಿಗೆಯ ಮೂರು ಕ್ಯಾನು. ಓದಿದ್ದೆ ಅಶೋಕ, ಅದನ್ನು ಓದಿದ್ದೆ.

ಅದೇ ಮೇ ತಿಂಗಳಲ್ಲಿ ಸಾಲಿಹಾಳಿಗೆ ನಾಸಿರನ ಸಂಬಂಧ ಬಂತು. ಅಬ್ದುಲ್ ನಾಸಿರ್ ಆಗಷ್ಟೆ ಸೌದಿಯಿಂದ ಬಂದು, ನಮ್ಮ ಮನೆಯಿಂದ ಎರಡು ಫರ್ಲಾಂಗು ಮೇಲೆ ಹೆದ್ದಾರಿ ಬದಿ ಪಂಪು ಹಾಕುವ ತಯಾರಿಯಲ್ಲಿದ್ದ. ಒಳ್ಳೆಯ ಮನೆತನ. ಆದರೆ ನನ್ನ ಕೊಟ್ಟಿಗೆಯ ವಾಸನೆ ಊರಿಗೆಲ್ಲ ಹಬ್ಬಿತ್ತು. ರವೂಫ್ ಮಾಸ್ಟ್ರು ಗೇರುಹಣ್ಣಿನ ಸಾರಾಯಿ ಇಳಿಸುತ್ತಾರೆ ಎಂದು ಮದುವೆಯ ಊಟವೊಂದರಲ್ಲಿ ಹೆಂಗಸರು ಉಮ್ಮನ ಎದುರಿಗೇ ಹೇಳಿದರಂತೆ. ಉಮ್ಮ ಮನೆಗೆ ಬಂದು ಬುರ್ಖಾ ಕೂಡ ತೆಗೆಯದೆ ಕೊಟ್ಟಿಗೆಯ ಬಾಗಿಲಲ್ಲಿ ನಿಂತರು. “ಇದು ಸಾರಾಯಿ ಅಲ್ಲ ಉಮ್ಮ, ಈಗ ಇದು ಬೇರೆಯೇ ವಸ್ತು” ಎಂದೆ. “ಯಾವುದರಿಂದ ಮಾಡಿದ್ದು?” ಎಂದು ಕೇಳಿದರು. “ಹರಾಮಿನಿಂದ ಹುಟ್ಟಿದ್ದು ಈ ಮನೆಯಲ್ಲಿ ಬೇಡ. ನಾಡಿದ್ದು ಹುಡುಗನ ಕಡೆಯವರು ಬರುತ್ತಾರೆ. ಇವತ್ತೇ ಚೆಲ್ಲು” ಎಂದರು.

ನಮ್ಮಲ್ಲಿ ಅಂಥದ್ದನ್ನು ಮಾರುವ ಹಾಗಿಲ್ಲ, ಕೊಡುವ ಹಾಗಿಲ್ಲ, ಇಡುವ ಹಾಗಿಲ್ಲ. ನೆಲಕ್ಕೆ ಚೆಲ್ಲಬೇಕು. ಕಾಲೇಜಿಗೆ ಒಯ್ಯುವ ಎಂದರೆ ಬೆಂಕಿ ಹಿಡಿಯುವ ದ್ರವವನ್ನು ಬಸ್ಸಿನಲ್ಲಿ ಹೇಗೆ ಒಯ್ಯುವುದು? ಕ್ಯಾನು ಎತ್ತಿ ಬಚ್ಚಲ ಹಿಂದೆ ಹೋದೆ. ಉಮ್ಮ ತಡೆದರು. “ಅಲ್ಲಿ ಬೇಡ. ನಮ್ಮ ಬಾವಿ ಹತ್ತಿರ. ನಮಾಜಿಗೆ ಮೊದಲು ಕೈಕಾಲು ತೊಳೆದು ವುಝೂ ಮಾಡುವುದು ಆ ನೀರಿನಲ್ಲಿ. ದೂರ ಹೋಗಿ ಚೆಲ್ಲು.”

ದೂರ ಹೋದೆ. ಬೇಲಿಯಾಚೆಯ ಹಳೇ ಕಲ್ಲಿನ ಕೋರೆಗೆ. ನಿನ್ನ ತಂದೆ ಗುರುವಪ್ಪಣ್ಣ ಕೈಯಾರೆ ಕೆಂಪುಕಲ್ಲು ಕಡಿದ ಕೋರೆ ಅದು. ನಿಮ್ಮ ಮನೆಯ ಗೋಡೆಯೂ ನಮ್ಮ ಮನೆಯ ಗೋಡೆಯೂ ಅದರಿಂದಲೇ ಎದ್ದದ್ದು. ಮಧ್ಯಾಹ್ನದ ಹೊತ್ತು ಯಾರೂ ಇರಲಿಲ್ಲ. ಮೂರು ಕ್ಯಾನು, ಸುಮಾರು ಅರುವತ್ತು ಲೀಟರು, ಒಂದರ ಮೇಲೊಂದು ಹೊಯ್ದೆ. ಕೋರೆಯ ತಳದಲ್ಲಿ ಒಂದು ಹನಿಯೂ ನಿಲ್ಲಲಿಲ್ಲ. ಆ ಕಲ್ಲು ಕುಡಿದುಬಿಟ್ಟಿತು. ಮೂರು ವರ್ಷದ ಕೆಲಸ ಹೋಯಿತೆಂದು ಮಾತ್ರ ನನಗೆ ಅಳು ಬಂತು. ಕೋರೆಯಿಂದ ನಲವತ್ತು ಹೆಜ್ಜೆ ಕೆಳಗೆ, ಹೊಳೆಯ ಕಡೆಯ ಇಳಿಜಾರಿನಲ್ಲಿ ನಿಮ್ಮ ಬಾವಿ ಇದೆ ಎಂದು ನೆನಪಾಗಲಿಲ್ಲ ಎಂದರೆ ಸುಳ್ಳಾಗುತ್ತದೆ. ನೆನಪಾಯಿತು. ಎರಡು ಮಳೆ ಬಂದರೆ ಎಲ್ಲ ನೇತ್ರಾವತಿಗೆ ಹೋಗುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ನೀರು ಇಳಿಜಾರಿಗೆ ಹರಿಯುತ್ತದೆ ಎಂದು ತಿಳಿಯಲು ಎಂ.ಎಸ್ಸಿ. ಬೇಕೇ?

ಎಂಬತ್ತಮೂರರ ಬೇಸಗೆ ನೆನಪು ಮಾಡಿಕೋ. ನಮ್ಮ ಬಾವಿ ಬತ್ತಿದಾಗ ಉಮ್ಮ ಎರಡು ತಿಂಗಳು ವುಝೂ ಮಾಡಿದ್ದು ನಿಮ್ಮ ಬಾವಿಯ ನೀರಿನಲ್ಲಿ. ಅದನ್ನು ಸೇದಿ ಬೇಲಿಯ ಹತ್ತಿರ ತಂದಿಡುತ್ತಿದ್ದವರು ನಿನ್ನ ಅಮ್ಮ. ನಾನು ಶಾಲೆಯಿಂದ ನೇರ ನಿಮ್ಮ ಮನೆಗೆ ಬಂದರೆ, ಚೀಲ ಇಳಿಸುವ ಮೊದಲೇ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು. ಇವತ್ತಿಗೂ ಅವರು ಯಾರಿಗೂ ಮೊದಲು ಕೊಡುವುದು ಅದನ್ನೇ. ಆ ನೀರಿನಷ್ಟು ತಂಪು ನೀರನ್ನು ನಾನು ಬೇರೆಲ್ಲೂ ಕುಡಿದಿಲ್ಲ.

ಸಾಲಿಹಾಳನ್ನು ನಾಸಿರನಿಗೆ ಕೊಟ್ಟೆವು. ಎರಡು ಸಾವಿರದ ಜನವರಿಯಲ್ಲಿ ಅವನ ಪಂಪು ಶುರುವಾಯಿತು. ಎಪ್ರಿಲಿನಲ್ಲಿ, ನೀರು ತಳ ಸೇರಿದಾಗ, ನಿಮ್ಮ ಬಾವಿಯಲ್ಲಿ ವಾಸನೆ ಎದ್ದಿತು. ಊರವರು ಎರಡನ್ನೂ ಸೇರಿಸಿ ನೋಡಿದರು. ಅವರ ಜಾಗದಲ್ಲಿ ನಾನಿದ್ದರೂ ಹಾಗೆಯೇ ನೋಡುತ್ತಿದ್ದೆ. ಮೊದಲು ಬ್ಲೀಚಿಂಗ್ ಪೌಡರು ಹಾಕಿದರು. ಮರು ವರ್ಷ ನೀರು ಪೂರ್ತಿ ಖಾಲಿ ಮಾಡಿ ಕೆಸರು ತೆಗೆಸಿದರು. ಮಳೆಗಾಲದಲ್ಲಿ ವಾಸನೆ ಅಡಗುತ್ತದೆ, ಬೇಸಗೆಯಲ್ಲಿ ಮತ್ತೆ ಬರುತ್ತದೆ. ಕರ್ಪೂರವೂ ಅಲ್ಲದ, ಆಸ್ಪತ್ರೆಯ ಮದ್ದೂ ಅಲ್ಲದ ಒಂದು ಸಿಹಿ ಘಾಟು. ಮೊದಲ ಬಾರಿ ಬಾವಿಕಟ್ಟೆಯ ಹತ್ತಿರ ಹೋದ ದಿನವೇ ನನ್ನ ಮೂಗಿಗೆ ಗೊತ್ತಾಗಿತ್ತು. ಮೂರು ವರ್ಷ ಸುಮ್ಮನಿದ್ದೆ. ದೀಕ್ಷಿತಾ ಬೆಳಿಗ್ಗೆ ಬಸ್ಸಿಗೆ ಮುಂಚೆ ಪಂಚಾಯತಿನ ನಳ್ಳಿಯಿಂದ ಎರಡು ಕೊಡ ಹೊತ್ತು ತರುವುದನ್ನು ನೋಡುತ್ತ ಸುಮ್ಮನಿದ್ದೆ.

ಈಗ ಸುಮ್ಮನಿರುವ ಹಾಗಿಲ್ಲ. ಪಂಪು ಮುಚ್ಚಿಸಬೇಕೆಂದು ಕೆಲವು ಹುಡುಗರು ಬೋರ್ಡು ಹಾಕಿದ್ದಾರೆ. ವಿಷಯ ಬಾವಿಯಿಂದ ಜಾತಿಗೆ ಹೋಗಲು ಇಲ್ಲಿ ಎಷ್ಟು ಹೊತ್ತು ಬೇಕು, ನಿನಗೆ ಗೊತ್ತು. ನೀರು ಪರೀಕ್ಷೆ ಮಾಡಿಕೊಡಿ ಎಂದು ಪಂಚಾಯತಿನವರು ನನ್ನನ್ನೇ ಕೇಳಿದರು. ನಾನು ನಿಮ್ಮ ಬಾವಿಯ ನೀರನ್ನೂ, ನಾಸಿರನ ಪಂಪಿನ ಪೆಟ್ರೋಲನ್ನೂ, ನೆನಪಿಗೆಂದು ಇಟ್ಟುಕೊಂಡಿದ್ದ ನನ್ನ ಈಥರಿನ ಒಂದು ಸಣ್ಣ ಶೀಷೆಯನ್ನೂ ಪರಿಚಯದ ಒಂದು ಲ್ಯಾಬಿಗೆ ಕೊಟ್ಟೆ. ಮೂರು ಗ್ರಾಫು ಬಂದವು. ಬಾವಿಯದನ್ನೂ ನನ್ನದನ್ನೂ ಒಂದರ ಮೇಲೊಂದು ಇಟ್ಟು ಬೆಳಕಿಗೆ ಹಿಡಿದರೆ ಶಿಖರ ಒಂದೇ ಜಾಗದಲ್ಲಿ. ಪಂಪಿನ ಪೆಟ್ರೋಲಿನಲ್ಲಿ ಆ ಶಿಖರವೇ ಇಲ್ಲ. ಈ ಊರಿನಲ್ಲಿ ಅದನ್ನು ಮಾಡಿದವನು ನಾನೊಬ್ಬನೇ.

ಸೋಮವಾರ ಪಂಚಾಯತಿನಲ್ಲಿ ಸಭೆ. ಎಲ್ಲ ಹೇಳುತ್ತೇನೆ. ನಿನ್ನ ತಂದೆಯ ಮುಖ ನೋಡಿಕೊಂಡು ಹೇಳುತ್ತೇನೆ. ಅದಾದ ಮೇಲೆ ಈ ಕಾಗದ ಮುಗಿಸುತ್ತೇನೆ.

13 ಮೇ, ಮಂಗಳವಾರ

ಹೇಳಿದೆ ಅಶೋಕ. ಯಾರೂ ನಂಬಲಿಲ್ಲ.

ಎಪ್ಪತ್ತು ಎಂಬತ್ತು ಜನ ಇದ್ದರು. ನಾಸಿರ್ ಹಿಂದಿನ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತಿದ್ದ. ನಾನು ನಿಂತು ಗೇರುಹಣ್ಣಿನಿಂದ ಶುರು ಮಾಡಿ ಕೋರೆಯವರೆಗೆ ಎಲ್ಲವನ್ನೂ ಹೇಳಿದೆ. ಗ್ರಾಫು ತೋರಿಸಿದೆ. ಅಧ್ಯಕ್ಷರು ಅದನ್ನು ತಲೆಕೆಳಗಾಗಿ ಹಿಡಿದು, “ಇದೆಂಥದು ಮಾಸ್ಟ್ರೇ, ಹಾರ್ಟಿನದ್ದಾ?” ಎಂದರು. ಜನ ನಕ್ಕರು. ಒಬ್ಬ ಹುಡುಗ ಎದ್ದು ಹೇಳಿದ: “ತಂಗಿ ಗಂಡನನ್ನು ಉಳಿಸ್ಲಿಕ್ಕೆ ಒಳ್ಳೆ ಕತೆ ಕಟ್ಟಿದ್ರಿ ಮಾಸ್ಟ್ರೇ. ಗೇರುಹಣ್ಣಿಂದ ಪೆಟ್ರೋಲಂತೆ! ಸಾರಾಯಿ ಮಾಡ್ತಿದ್ರಿ ಅಂದಿದ್ರೆ ಆದ್ರೂ ನಂಬ್ತಿದ್ದೆವು.”

ಅವನ ಮಾತು ಹೋಗಲಿ. ನಿನ್ನ ತಂದೆ ಎದ್ದು ನಿಂತರು.

“ಈ ಕಲ್ಲನ್ನು ನಾನು ನಲ್ವತ್ತು ವರ್ಷ ಕಡ್ದಿದ್ದೇನೆ” ಎಂದರು. “ಕೋರೆಗೆ ನೀರು ಬಿದ್ರೆ ಒಂದು ವಾರದಲ್ಲಿ ನನ್ನ ಬಾವಿಗೆ ಬರ್ತದೆ. ಇವ ಹೊಯ್ದದ್ದು ತೊಂಬತ್ತೊಂಬತ್ತರಲ್ಲಿ ಅಂತಾನೆ. ವಾಸನೆ ಬಂದದ್ದು ಪಂಪು ಬಂದ ಮೇಲೆ. ಮಧ್ಯದಲ್ಲಿ ಹತ್ತು ಹನ್ನೊಂದು ತಿಂಗ್ಳು ಅದು ಎಲ್ಲಿ ಹೋಗಿತ್ತು?”

ಆಗಲೇ ಬಂದಿತ್ತು, ಮಳೆಗಾಲದ ತುಂಬು ನೀರಿನಲ್ಲಿ ವಾಸನೆ ಗೊತ್ತಾಗಲಿಲ್ಲ, ಉಳಿದದ್ದು ಕಲ್ಲಿನ ತೂತುಗಳಲ್ಲಿ ನಿಂತು ಇನ್ನೂ ಇಳಿಯುತ್ತ ಇದೆ, ನೀರು ತಗ್ಗಿದಾಗ ಎದ್ದು ಬರುತ್ತದೆ ಎಂದು ನಾನು ವಿವರಿಸಿದೆ. ತರಗತಿಯಲ್ಲಿ ಹೇಳುವ ಹಾಗೆ ನಿಧಾನವಾಗಿ ಹೇಳಿದೆ. ಅವರು ನನ್ನ ಹತ್ತಿರ ಬಂದು ಹೆಗಲ ಮೇಲೆ ಕೈ ಇಟ್ಟರು.

“ರವೂಫ, ಸಾಕು ಮಾರಾಯ. ನೀನು ಕೂತ್ಕೊ. ನನ್ನ ಬಾವಿಗೆ ನೀನು ಹಾಗೆ ಮಾಡ್ಲಿಕ್ಕೆ ಸಾಧ್ಯ ಉಂಟಾ? ಆ ನೀರು ಕುಡ್ದು ಬೆಳೆದವ ನೀನು. ತಂಗಿಗೋಸ್ಕರ ಹೇಳಿದ್ದು ಅಂತ ನಂಗೆ ಗೊತ್ತುಂಟು. ನಿನ್ನ ಜಾಗೆಯಲ್ಲಿ ನಾನಿದ್ರೆ ನಾನೂ ಹೇಳ್ತಿದ್ದೆ. ನಂಗೆ ಬೇಜಾರಿಲ್ಲ.”

ಬೇಜಾರಿಲ್ಲವಂತೆ! ನಾನು ಮಾಡಿದ ಪಾಪಕ್ಕೆ ಅಲ್ಲ, ನಾನು ಹೇಳದೇ ಇದ್ದ ಸುಳ್ಳಿಗೆ ಅವರು ನನ್ನನ್ನು ಕ್ಷಮಿಸಿದರು. ಅವರು ಬೈದು, ಎರಡೇಟು ಹೊಡೆದು, ಮನೆಯ ಮೆಟ್ಟಿಲು ಹತ್ತಬೇಡ ಎಂದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಜೂನ್ ಎರಡನೇ ತಾರೀಕು ಪಂಪಿನ ಟ್ಯಾಂಕು ಅಗೆದು ತೆಗೆಯಬೇಕೆಂದು ತೀರ್ಮಾನವಾಯಿತು. ಅಲ್ಲಿಯವರೆಗೆ ಪಂಪು ಬಂದ್. ಹೊರಗೆ ಬಂದ ಮೇಲೆ ನಾಸಿರ್ ನನ್ನ ಹತ್ತಿರ ಹೇಳಿದ: “ನೀವು ಯಾಕೆ ಮಾತಾಡ್ಲಿಕ್ಕೆ ಹೋದದ್ದು? ಈಗ ಎಲ್ಲರೂ ಹೇಳ್ತಾರೆ, ನಾನೇ ನಿಮ್ಗೆ ಹೇಳಿಕೊಟ್ಟದ್ದು ಅಂತ. ನನ್ನ ಟ್ಯಾಂಕು ಸೋರುದಿಲ್ಲ, ನಂಗೆ ಗೊತ್ತುಂಟು. ಆದ್ರೆ ಅಗೆದು ಏನೂ ಸಿಗದಿದ್ರೂ ಇನ್ನು ನನ್ನ ಪಂಪಿಗೆ ಯಾರು ಬರ್ತಾರೆ?” ಅವನೂ ನಂಬಿಲ್ಲ ನೋಡು. ಮತ್ತೆ ಸೌದಿಗೆ ಹೋಗುವ ಮಾತಾಡುತ್ತಿದ್ದಾನೆ. ಸಾಲಿಹಾ ಮಾತ್ರ ನಂಬಿದ್ದಾಳೆ. ಕರ್ಚೀಫು ಹಿಡಿದವಳಲ್ಲವೇ. ಆದರೆ ಅವಳ ಸಾಕ್ಷಿ ಯಾರು ಕೇಳುತ್ತಾರೆ, ಅವಳು ಪಂಪಿನವನ ಹೆಂಡತಿ. ನೆರಿಯದ ಕೂಸಪ್ಪ ಇದ್ದಿದ್ದರೆ ಕರೆತರುತ್ತಿದ್ದೆ, ಅವನು ಹೋದ ವರ್ಷ ತೀರಿಕೊಂಡ.

ಉಮ್ಮ ನಿನ್ನೆ ಸಂಜೆ ಕುರ್ಚಿಯಿಂದಲೇ ಕೇಳಿದರು, “ನಾನು ಚೆಲ್ಲು ಅಂತ ಹೇಳಿದ್ದಕ್ಕೆ ಆದದ್ದಾ?” ಅಲ್ಲ ಉಮ್ಮ, ಎಂದೆ. ಆ ಒಂದು ಸುಳ್ಳನ್ನು ಮಾತ್ರ ಅವರು ನಂಬಿದರು. ನಮ್ಮ ಬಾವಿಯ ನೀರು ಕನ್ನಡಿಯಷ್ಟು ಸ್ವಚ್ಛವಾಗಿದೆ. ಅದನ್ನು ಮುಟ್ಟುವಾಗ ನನ್ನ ಕೈ ಹಿಂದೆ ಬರುತ್ತದೆ.

ಇನ್ನೊಂದು ಕೇಳು. ಈ ವರ್ಷದಿಂದ ಪೆಟ್ರೋಲಿಗೆ ಮದ್ಯಸಾರವನ್ನೇ ನೇರ ಬೆರೆಸಲು ಸರ್ಕಾರ ಹೊರಟಿದೆ. ಸಕ್ಕರೆ ಕಾರ್ಖಾನೆಗಳಿಂದ ಟ್ಯಾಂಕರಿನಲ್ಲಿ ಬರುತ್ತದಂತೆ, ಪೇಪರಿನಲ್ಲಿ ಫೋಟೋ ಸಮೇತ ಬಂದಿತ್ತು. ಈಥರ್ ಯಾರಿಗೂ ಬೇಡ. ನಾನು ನಾಚಿಕೆಯಿಂದ ಕೋರೆಗೆ ಹೊಯ್ದದ್ದರ ತಾಯಿ ಈಗ ರಾಜಮರ್ಯಾದೆಯಲ್ಲಿ ಹೆದ್ದಾರಿಯ ಮೇಲೆ ಬರುತ್ತಾಳೆ. ನನ್ನ ಹನ್ನೊಂದು ಕರ್ಚೀಫುಗಳಿಂದ ಜಗತ್ತಿಗೆ ಆದದ್ದು ಇಷ್ಟೇ: ಒಂದು ಬಾವಿ ಕಡಿಮೆಯಾಯಿತು.

ಈಗ ನನಗೆ ಉಳಿದವನು ನೀನೊಬ್ಬ. ಆ ಮಣಿಗಳನ್ನು ತಂದವನು ನೀನು. ತೊಂಬತ್ತೇಳರಲ್ಲಿ ಕೊಟ್ಟಿಗೆಯಲ್ಲಿ ನನ್ನ ಜೊತೆ ಕೂತು ಮೊದಲ ಹನಿ ಇಳಿದದ್ದನ್ನು ನೋಡಿದವನು ನೀನು. ಈಥರ್ ಮಣ್ಣಿನಲ್ಲಿ ಏನು ಮಾಡುತ್ತದೆ ಎಂದು ನನಗಿಂತ ಮೊದಲೇ ಹೇಳಿದವನೂ ನೀನೇ. ನಿನ್ನ ತಂದೆಗೆ ಒಂದು ಕಾಗದ ಬರೆ. ರವೂಫ್ ಹೇಳಿದ್ದು ನಿಜ, ಅವನಿಗೆ ಗೊತ್ತಿದ್ದೂ ಮಾಡಿದ್ದು ಎಂದು ಬರೆ. ಮಗನ ಮಾತನ್ನು ಅವರು ನಂಬುತ್ತಾರೆ. ನಿನಗೆ ಇದು ಸುಲಭವಲ್ಲ ಎಂದು ಗೊತ್ತು. ನೀನು ಬರೆದ ದಿನ ಗುರುವಪ್ಪಣ್ಣ ನನ್ನನ್ನು ಕಳೆದುಕೊಳ್ಳುತ್ತಾರೆ, ನಾನು ಅವರನ್ನು ಕಳೆದುಕೊಳ್ಳುತ್ತೇನೆ, ಪ್ರಾಯಶಃ ನಿನ್ನನ್ನೂ. ಬರೆಯದಿದ್ದರೆ ತಪ್ಪಿಲ್ಲದವನ ಪಂಪು ಹೋಗುತ್ತದೆ, ನನ್ನ ತಂಗಿಯ ಮನೆ ಹೋಗುತ್ತದೆ, ಊರಿನಲ್ಲಿ ಈ ಬಾವಿಯ ಹೆಸರಿನಲ್ಲಿ ಇನ್ನೇನು ಹೋಗುತ್ತದೋ ಗೊತ್ತಿಲ್ಲ. ಫೋನಿನಲ್ಲಿ ಕೇಳಲು ನನ್ನಿಂದ ಆಗಲಿಲ್ಲ. ನಮ್ಮ ಊರಿನ ಉನೈಸ್ ಗುರುವಾರ ದಮ್ಮಾಮಿಗೆ ಹೋಗುತ್ತಿದ್ದಾನೆ, ಅವನ ಕೈಯಲ್ಲಿ ಈ ಕಾಗದ ಕಳಿಸುತ್ತಿದ್ದೇನೆ. ಜೂನ್ ಎರಡರ ಒಳಗೆ ನಿನ್ನ ಕಾಗದ ಇಲ್ಲಿಗೆ ಮುಟ್ಟಬೇಕು.

ಬಾವಿ ಸರಿಯಾಗುತ್ತದೆಯೇ ಎಂದು ಕೇಳಬೇಡ. ಆ ಕಲ್ಲು ಎಷ್ಟು ಕುಡಿದಿದೆ, ಎಷ್ಟು ಮಳೆಗೆ ಬಿಡುತ್ತದೆ, ನನಗೆ ಗೊತ್ತಿಲ್ಲ. ನನಗೆ ಗೊತ್ತಿರುವ ಕೆಮಿಸ್ಟ್ರಿ ಅಷ್ಟೇ.

ನೀನು ಎಲ್ಲಿದ್ದರೂ ಚೆನ್ನಾಗಿರು. ಬಿಸಿಲಿನಲ್ಲಿ ಕೆಲಸ ಮಾಡುವಾಗ ತಲೆಗೆ ಬಟ್ಟೆ ಕಟ್ಟಿಕೋ. ಉಮ್ಮ ನಿನಗೆ ಐದು ಹೊತ್ತೂ ದುವಾ ಮಾಡುತ್ತಾರೆ, ಅವರದ್ದಾದರೂ ಫಲಿಸಲಿ. ಸಿಟ್ಟು ಬಂದರೆ ಸಿಟ್ಟಿನಲ್ಲೇ ಬರೆ, ಆದರೆ ಬರೆ.

ನಿನ್ನವನೆಂದು ಇನ್ನೂ ಬರೆಯಬಹುದಾದರೆ,
ನಿನ್ನ
ರವೂಫ್

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಒಡೆದೆ. ಇದೊಂದನ್ನು ಬಿಟ್ಟು ಕಳಿಸುವ ಎಂದಿದ್ದೆ, ಆಗಲಿಲ್ಲ. ಇಂದು ಬೆಳಿಗ್ಗೆ ನಿನ್ನ ಅಮ್ಮ ಬೇಲಿಯ ಹತ್ತಿರ ನಿಂತು ನನ್ನನ್ನು ಕರೆದರು. ಹೋದೆ. ಗುರುವಪ್ಪಣ್ಣ ಪೇಟೆಗೆ ಹೋಗಿದ್ದರು, ದೀಕ್ಷಿತಾಳೂ ಇರಲಿಲ್ಲ. ಜಗಲಿಯಲ್ಲಿ ಬೀಡಿ ಕಟ್ಟುವ ಮೊರ ಬದಿಗಿಟ್ಟು, ಯಾವತ್ತಿನ ಹಾಗೆ ಒಂದು ತುಂಡು ಬೆಲ್ಲ, ಒಂದು ತಂಬಿಗೆ ನೀರು ತಂದು ಮುಂದೆ ಇಟ್ಟರು. ಮೂಗಿನ ಹತ್ತಿರ ತರುವ ಮೊದಲೇ ಗೊತ್ತಾಯಿತು, ನಳ್ಳಿಯ ನೀರಲ್ಲ. “ಅಮ್ಮಾ, ಇದು ಬಾವಿದಲ್ವಾ?” ಎಂದೆ. “ಹೌದು ಮಗಾ. ನಾನು ಅದನ್ನೇ ಕುಡಿಯುವುದು” ಎಂದರು. “ಸಭೆಯಲ್ಲಿ ನೀನು ಹೇಳಿದ್ದನ್ನು ಇವರು ನಂಬ್ಲಿಲ್ಲ. ನಂಗೆ ಅವತ್ತೇ ಗೊತ್ತುಂಟು. ನೀನು ಕ್ಯಾನು ಹಿಡ್ಕೊಂಡು ಕೋರೆಗೆ ಹೊಯ್ಯುವುದನ್ನು ನಾನು ಸೊಪ್ಪು ಕೊಯ್ತಾ ನೋಡಿದ್ದೆ. ಯಾರಿಗೂ ಹೇಳ್ಲಿಲ್ಲ. ಆಮೇಲೆ ನೀರು ವಾಸನೆ ಬಂತು. ಎಲ್ಲರೂ ಕುಡಿಯುವುದು ಬಿಟ್ರು. ನಾನು ಬಿಡ್ಲಿಲ್ಲ. ನಮ್ಮ ರವೂಫ ಅಷ್ಟು ಕಲ್ತವ, ಅವ ಹೊಯ್ದದ್ದು ವಿಷ ಆಗ್ಲಿಕ್ಕಿಲ್ಲ ಅಂತ.” ಮತ್ತೆ ಕೇಳಿದರು, “ಕುಡೀಬಹುದಲ್ವಾ ಮಗಾ?” ಸಿಟ್ಟಿನಿಂದ ಕೇಳಿದ್ದಲ್ಲ ಅಶೋಕ, ತಿಳಿದುಕೊಳ್ಳಲು ಕೇಳಿದ್ದು. ಬೆಲ್ಲ ಬಾಯಿಗೆ ಹಾಕಿಕೊಂಡೆ. ತಂಬಿಗೆಯನ್ನು ಎತ್ತಿದೆ, ತುಟಿಯ ಹತ್ತಿರ ತಂದೆ, ಕೆಳಗಿಟ್ಟೆ. ಅವರು ನನ್ನನ್ನೇ ನೋಡುತ್ತಿದ್ದರು. ಆಮೇಲೆ ತಂಬಿಗೆ ತೆಗೆದುಕೊಂಡು, ಆ ನೀರನ್ನು ಅಂಗಳಕ್ಕೆ ಚೆಲ್ಲದೆ, ಅವರೇ ಕುಡಿದರು.